ನ್ಯೂಜೆರ್ಸಿಯಿಂದ ನಯಾಗರಾಕ್ಕೆ ಹೋಗುವಾಗ ಕಾರ್ನಿಂಗ್: ಎರಡು ಗಂಟೆ ಸಾಕಾ, ಒಂದು ರಾತ್ರಿ ಬೇಕಾ?

ಶರಾವತಿ_ಎಡಿಸನ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜೂನ್ ಕೊನೆಯ ವಾರ ಎಡಿಸನ್‌ನಿಂದ ನಮ್ಮ ಕಾರಲ್ಲೇ ನಯಾಗರಾಕ್ಕೆ ಹೊರಡುವ ಯೋಚನೆ. ಊರಿಂದ ಬಂದಿರುವ ಅಪ್ಪ, ಅಮ್ಮ, ಒಂಬತ್ತು ವರ್ಷದ ಮಗ ಮತ್ತು ನಾವಿಬ್ಬರು. ಬಸ್ ಟೂರಿನವರು ಕಾರ್ನಿಂಗ್‌ನ ಗಾಜಿನ ಮ್ಯೂಸಿಯಂನಲ್ಲಿ ಎರಡು ಗಂಟೆ, ಹತ್ತಿರದ ವಾಟ್ಕಿನ್ಸ್ ಗ್ಲೆನ್ ಎಂಬ ಜಲಪಾತಗಳ ಕಮರಿಯಲ್ಲಿ ಒಂದು ಗಂಟೆ ಬಿಟ್ಟು ರಾತ್ರಿಗೆ ನಯಾಗರಾ ತಲುಪಿಸುತ್ತಾರಂತೆ. ನಮಗೆ ಅಷ್ಟು ಅವಸರ ಇಲ್ಲ. ಕಾರ್ನಿಂಗ್‌ನಲ್ಲೇ ಒಂದು ರಾತ್ರಿ ಉಳಿದರೆ ನೋಡುವಂಥದ್ದು ಇದೆಯೇ?

ಅಪ್ಪನಿಗೆ ಯಂತ್ರ, ಕಾರ್ಖಾನೆ, ಹಳೆಯ ಊರುಗಳ ಚರಿತ್ರೆ ಅಂದರೆ ಬಹಳ ಆಸಕ್ತಿ. ಹನ್ನೊಂದು ಸಾವಿರ ಜನರೂ ಇಲ್ಲದ ಊರಿಗೆ ಇಷ್ಟು ದೊಡ್ಡ ಗಾಜಿನ ಉದ್ಯಮ ಹೇಗೆ ಬಂತು ಅಂತ ಈಗಲೇ ಕೇಳುತ್ತಿದ್ದಾರೆ. ಅಮ್ಮನಿಗೆ ಮಂಡಿನೋವು, ಸಮತಟ್ಟು ಜಾಗದಲ್ಲಿ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಮಗನಿಗೆ ಅಲ್ಲಿ ಗಾಜು ಊದುವುದನ್ನು ಕೈಯಾರೆ ಮಾಡಬೇಕಂತೆ. ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ.

ಹಳೇಭೂಪಟ

ಉಳಿಯಿರಿ, ಖಂಡಿತ ಉಳಿಯಿರಿ. ಎರಡು ಗಂಟೆಯಲ್ಲಿ ಆ ಮ್ಯೂಸಿಯಂನ ಅಂಗಡಿಯನ್ನೂ ಪೂರ್ತಿ ನೋಡಲಾಗದು. ನಿಮ್ಮ ತಂದೆಯವರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅದು ತಿಳಿದಿದ್ದರೆ ಊರು ಬೇರೆಯದೇ ರೀತಿ ಕಾಣುತ್ತದೆ.

ಗಾಜಿನ ಊರು ಅಂದಕೂಡಲೇ ಅಲ್ಲಿ ಒಳ್ಳೆಯ ಮರಳು ಸಿಕ್ಕಿರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಾರ್ನಿಂಗ್‌ಗೆ ಗಾಜನ್ನು ತಂದದ್ದು ಕಲ್ಲಿದ್ದಲು ಮತ್ತು ಸಾಗಣೆ. ಗಾಜಿನ ಕುಲುಮೆಯನ್ನು ಸಂಜೆ ಆರಿಸಿ ಬೆಳಿಗ್ಗೆ ಹಚ್ಚುವ ಹಾಗಿಲ್ಲ. ಒಮ್ಮೆ ಹೊತ್ತಿಸಿದರೆ ಹಗಲು ರಾತ್ರಿ ಉರಿಯುತ್ತಲೇ ಇರಬೇಕು. ಹಾಗಾಗಿ ಇಂಧನದ ಖರ್ಚೇ ಕಾರ್ಖಾನೆಯ ಜಾಗವನ್ನು ನಿರ್ಧರಿಸುತ್ತಿತ್ತು. ಕಾರ್ನಿಂಗ್ ಇರುವುದು ನ್ಯೂಯಾರ್ಕ್ ರಾಜ್ಯದ ದಕ್ಷಿಣದ ಅಂಚಿನಲ್ಲಿ, ಶೆಮಂಗ್ ನದಿಯ ದಂಡೆಯಲ್ಲಿ. ಗಡಿಯಾಚೆ ಪೆನ್ಸಿಲ್ವೇನಿಯಾದ ಬ್ಲಾಸ್‌ಬರ್ಗ್ ಕಲ್ಲಿದ್ದಲ ಗಣಿಗಳು. 1833ರಲ್ಲಿ ಶೆಮಂಗ್ ಕಾಲುವೆ ತೆರೆಯಿತು. ಅದು ಈ ಕಣಿವೆಯನ್ನು ಸೆನೆಕಾ ಸರೋವರದ ಮೂಲಕ ಈರಿ ಕಾಲುವೆಗೆ ಸೇರಿಸಿತು. ಆಲ್ಬನಿಯ ವ್ಯಾಪಾರಿ, ಬ್ಯಾಂಕರ್ ಇರಾಸ್ಟಸ್ ಕಾರ್ನಿಂಗ್ ಮತ್ತು ಅವನ ಪಾಲುದಾರರು ಇಲ್ಲಿ ಜಮೀನು ಕೊಂಡು ಊರು ಕಟ್ಟಿಸಿದರು. ಗಣಿಯಿಂದ ಕಾಲುವೆಯ ತುದಿಗೆ ಕಲ್ಲಿದ್ದಲು ತರಲು ರೈಲು ಹಳಿ ಬಂದದ್ದು 1840ರಲ್ಲಿ. ಊರಿಗೆ ಹೆಸರು ಕೊಟ್ಟ ಇದೇ ಇರಾಸ್ಟಸ್ ಮುಂದೆ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯ ಮೊದಲ ಅಧ್ಯಕ್ಷನಾದ. ಸೆಂಟರ್‌ವೇ ಚೌಕದಲ್ಲಿರುವ ಗಡಿಯಾರದ ಗೋಪುರ, 1883ರದ್ದು, ಅವನ ನೆನಪಿನದು.

ಗಾಜು ಬಂದದ್ದು ಅದಕ್ಕೂ ತಡವಾಗಿ. ಏಮರಿ ಹೋಟನ್ ಎಂಬವನು ಬ್ರೂಕ್ಲಿನ್‌ನಲ್ಲಿ ಗಾಜಿನ ಕಾರ್ಖಾನೆ ನಡೆಸುತ್ತಿದ್ದ. ಅಲ್ಲಿ ಖರ್ಚು ಮಿತಿಮೀರಿದಾಗ ಕಾರ್ನಿಂಗ್‌ನ ಸ್ಥಳೀಯರು ಬಂಡವಾಳ ಹಾಕುವುದಾಗಿ ಕರೆದರು. 1868ರಲ್ಲಿ ಕಾರ್ಖಾನೆಯ ಸಾಮಾನೆಲ್ಲ ಜಲಮಾರ್ಗದಲ್ಲಿ ಹೇರಿಕೊಂಡು ಇಲ್ಲಿಗೆ ಬಂತು. ಎರಡೇ ವರ್ಷದಲ್ಲಿ ಕಂಪನಿ ದಿವಾಳಿಯಾಯಿತು. ಅದನ್ನು ಎತ್ತಿ ನಿಲ್ಲಿಸಿದ್ದು ಮಗ, ಏಮರಿ ಹೋಟನ್ ಜೂನಿಯರ್. ಊಟದ ಮೇಜಿನ ಗಾಜಿನಲ್ಲಿ ಪೈಪೋಟಿ ವಿಪರೀತ ಇತ್ತು, ಹಾಗಾಗಿ ಕಂಪನಿ ರೈಲ್ವೆ ಸಿಗ್ನಲ್ಲಿನ ಮಸೂರ, ಥರ್ಮಾಮೀಟರ್ ಕೊಳವೆಯಂಥ ತಾಂತ್ರಿಕ ಗಾಜಿನ ಕಡೆ ಹೊರಳಿತು. ಎಡಿಸನ್‌ನ ಬಲ್ಬಿಗೆ ಗಾಜಿನ ಬುರುಡೆ ಊದಿಕೊಟ್ಟದ್ದೂ ಇದೇ ಊರು. ನೀವು ಹೊರಡುವ ಊರಿನ ಹೆಸರು ಆ ಎಡಿಸನ್‌ನದೇ, ನಿಮ್ಮ ತಂದೆಗೆ ಹೇಳಿ. ಕೆತ್ತನೆಯ ಗಾಜಿನ ಕುಶಲಕರ್ಮಿಗಳು ಬೇರೆ ಬೇರೆ ಅಂಗಡಿ ತೆರೆದರು, ಊರಿಗೆ ‘ಕ್ರಿಸ್ಟಲ್ ಸಿಟಿ’ ಎಂಬ ಅಡ್ಡಹೆಸರು ಬಿತ್ತು. ಅಧಿಕೃತವಾಗಿ ನಗರವಾದದ್ದು 1890ರಲ್ಲಿ.

ಇದಕ್ಕೂ ಹಿಂದಿನ ಕಾಲದ ಬದುಕು ನೋಡಬೇಕೆಂದರೆ 1796ರ ಬೆಂಜಮಿನ್ ಪ್ಯಾಟರ್ಸನ್ ಇನ್ ಇದೆ. ದಾರಿಹೋಕರ ಛತ್ರವಾಗಿದ್ದ ಮನೆ. ಅದರ ಆವರಣದಲ್ಲೇ ಮರದ ದಿಮ್ಮಿಗಳ ಗುಡಿಸಲು, ಒಂದೇ ಕೋಣೆಯ ಶಾಲೆ, ಕಮ್ಮಾರಸಾಲೆ ಇವೆ. ವಾರದ ಎಲ್ಲ ದಿನ ತೆರೆದಿರುವುದಿಲ್ಲ, ಮೊದಲೇ ಫೋನ್ ಮಾಡಿ ಹೋಗಿ.

ಕುಲುಮೆ

ಹಳೇಭೂಪಟ ಅವರು ಚರಿತ್ರೆ ಚೆನ್ನಾಗಿ ಹೇಳಿದ್ದಾರೆ. ನಾನು ಮ್ಯೂಸಿಯಂ ಒಳಗಿನ ಲೆಕ್ಕಾಚಾರ ಹೇಳುತ್ತೇನೆ.

ಮೊದಲು ಟಿಕೆಟ್: ಒಂದು ಟಿಕೆಟ್ ಬೆನ್ನುಬೆನ್ನಿನ ಎರಡು ದಿನಕ್ಕೆ ನಡೆಯುತ್ತದೆ. 17 ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ನೀವು ಉಳಿಯುತ್ತೀರಿ ಅಂದಮೇಲೆ ಮಧ್ಯಾಹ್ನ ಅರ್ಧ, ಮರುದಿನ ಅರ್ಧ ಅಂತ ಹಂಚಿಕೊಳ್ಳಬಹುದು, ಹೆಚ್ಚಿಗೆ ಕಾಸು ಬೇಡ. ಅಮ್ಮನವರ ಕಾಲಿಗೂ ಇದೇ ಒಳ್ಳೆಯದು. ಕಟ್ಟಡದ ಒಳಗೆ ಎಲ್ಲ ಕಡೆ ಲಿಫ್ಟ್, ಇಳಿಜಾರು ಇವೆ, ಗಾಲಿಕುರ್ಚಿ ಕೇಳಿ ತೆಗೆದುಕೊಳ್ಳಬಹುದು. ಅಲ್ಲಿ ಕಾಲು ಸೋಲುವುದು ಮೆಟ್ಟಿಲಿನಿಂದಲ್ಲ, ದೂರದಿಂದ.

ನಿಮ್ಮ ತಂದೆಯವರನ್ನು ನೇರವಾಗಿ 200 ಇಂಚಿನ ತಟ್ಟೆಯ ಮುಂದೆ ನಿಲ್ಲಿಸಿ. ಕ್ಯಾಲಿಫೋರ್ನಿಯಾದ ಪಾಲೋಮರ್ ದೂರದರ್ಶಕದ ಕನ್ನಡಿಗಾಗಿ ಮೊದಲು ಎರಕ ಹೊಯ್ದ ಗಾಜು ಅದು. ಐದು ಮೀಟರ್ ಅಗಲ, ಸುಮಾರು 20 ಟನ್ ತೂಕ. ಬಸ್ಸಿನವರು ಅದರ ಮುಂದೆ ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಅದು ಇಲ್ಲೇ ಏಕೆ ಉಳಿಯಿತು ಎಂಬುದರಲ್ಲಿ ಎಂಜಿನಿಯರಿಂಗಿನ ದೊಡ್ಡ ಪಾಠವೇ ಇದೆ.

ಅಷ್ಟು ದೊಡ್ಡ ಕನ್ನಡಿ ಇಡಿಯಾಗಿ ಗಟ್ಟಿ ಗಾಜಾದರೆ ತನ್ನ ಭಾರಕ್ಕೇ ಬಾಗುತ್ತದೆ, ಒಳಗಿನ ಶಾಖ ಹೊರಬರಲೂ ಬಹಳ ಹೊತ್ತು ಬೇಕು. ಆದ್ದರಿಂದ ಹಿಂಬದಿಯಲ್ಲಿ ಜೇನುಹುಟ್ಟಿನ ಥರ ಗೂಡುಗಳಿರಬೇಕು. ಅಚ್ಚಿನ ತಳದಲ್ಲಿ ಶಾಖ ತಡೆಯುವ ಇಟ್ಟಿಗೆಯ ದಿಮ್ಮಿಗಳನ್ನು ಉಕ್ಕಿನ ಬೋಲ್ಟುಗಳಿಂದ ಬಿಗಿದು, ಸುತ್ತ ಗಾಜು ಹರಿಯುವಂತೆ ಮಾಡಿದರು. 1934ರ ಮಾರ್ಚ್ 25ರಂದು ದೊಡ್ಡ ದೊಡ್ಡ ಸೌಟುಗಳಲ್ಲಿ ಕರಗಿದ ಗಾಜನ್ನು ತಂದು ಹೊಯ್ಯತೊಡಗಿದರು. ಒಳಗಿನ ಕಾವಿಗೆ ಬೋಲ್ಟುಗಳು ಸೋತವು. ದಿಮ್ಮಿಗಳು ಗಾಜಿಗಿಂತ ಹಗುರ, ಹಾಗಾಗಿ ಒಂದೊಂದಾಗಿ ಕಿತ್ತುಕೊಂಡು ಮೇಲೆ ತೇಲಿದವು. ಹೊಯ್ಯುವುದನ್ನು ನಿಲ್ಲಿಸಲಿಲ್ಲ, ತೇಲಿದ್ದನ್ನು ಹೊರತೆಗೆದು ತಟ್ಟೆಯನ್ನು ಪೂರ್ತಿ ಮಾಡಿದರು, ಅದರ ಮೇಲೆ ತಣಿಸುವ ಪ್ರಯೋಗ ನಡೆಸಿದರು. ಮ್ಯೂಸಿಯಂನಲ್ಲಿ ಇರುವುದು ಅದೇ.

ಎರಡನೆಯದಕ್ಕೆ ಕ್ರೋಮಿಯಂ-ನಿಕ್ಕಲ್ ಮಿಶ್ರಲೋಹದ ಬೋಲ್ಟು ಹಾಕಿದರು. 1934ರ ಡಿಸೆಂಬರ್ 2ರಂದು ಎರಕ. ಆಮೇಲೆ ಹತ್ತು ತಿಂಗಳು ವಿದ್ಯುತ್ ಒಲೆಯಲ್ಲಿ ನಿಧಾನವಾಗಿ ತಣಿಸುವುದು. ನಡುವೆ 1935ರ ಜುಲೈಯಲ್ಲಿ ನದಿ ಉಕ್ಕಿ ಸುಮಾರು ಮೂರು ದಿನ ವಿದ್ಯುತ್ ನಿಂತಿತು, ಆದರೂ ಗಾಜು ಉಳಿಯಿತು. 1936ರ ಮಾರ್ಚ್ 26ರಂದು ಅದನ್ನು ಉಕ್ಕಿನ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ತಗ್ಗಿನ ವಿಶೇಷ ರೈಲುಗಾಡಿಯಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾಕ್ಕೆ ಕಳಿಸಿದರು. ವೇಗ ಗಂಟೆಗೆ 25 ಮೈಲಿ ದಾಟಬಾರದೆಂಬ ನಿಯಮ. ತಲುಪಿದ್ದು ಏಪ್ರಿಲ್ 10ಕ್ಕೆ. ಉಜ್ಜಿ ಹೊಳಪು ಕೊಡುವ ಕೆಲಸ ಯುದ್ಧದಿಂದಾಗಿ ನಿಂತು, ದೂರದರ್ಶಕ ಲೋಕಾರ್ಪಣೆ ಆದದ್ದು 1948ರಲ್ಲಿ.

ಇದನ್ನು ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ಮುಂದೆ ಮಗ ಮಾಡುವ ಗಾಜಿನ ವಿಷಯಕ್ಕೂ ಇದೇ ನಿಯಮ. ಬಿಸಿ ಗಾಜು ತಣಿಯುವಾಗ ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ಕುಗ್ಗಲು ಹೊರಟಾಗ ಹೊರಗಿನದು ಬಿಡುವುದಿಲ್ಲ. ಆ ಎಳೆದಾಟ ಗಾಜಿನೊಳಗೇ ಉಳಿದುಬಿಡುತ್ತದೆ. ನೋಡಲು ಚೆನ್ನಾಗಿಯೇ ಇರುವ ಹೂದಾನಿ ಗಂಟೆ ಕಳೆದೋ ವಾರ ಕಳೆದೋ ತಾನಾಗಿ ಬಿರುಕು ಬಿಡುತ್ತದೆ. ಅದಕ್ಕೇ ಊದಿದ ಗಾಜನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್ಸಿನ ಒಲೆಗೆ ಸೇರಿಸಿ ರಾತ್ರಿಯಿಡೀ ಹಂತಹಂತವಾಗಿ ಇಳಿಸುತ್ತಾರೆ. ಹಾಗಾಗಿ ಊದಿದ್ದು ಅಂದೇ ಕೈಗೆ ಸಿಗದು. ಬಸ್ ಪ್ರಯಾಣಿಕರಿಗೆ ಇದರಿಂದಲೇ ನಿರಾಸೆ, ನಿಮಗೆ ಆ ತೊಂದರೆ ಇಲ್ಲ.

ಪ್ರದರ್ಶನಗಳಲ್ಲಿ ತಪ್ಪಿಸಬಾರದ್ದು ಬಿಸಿ ಗಾಜಿನ ಪ್ರದರ್ಶನ. ಸುಮಾರು 1,100 ಡಿಗ್ರಿಯ ಕುಲುಮೆಯಿಂದ ಕೊಳವೆಯ ತುದಿಗೆ ಗಾಜು ಸುತ್ತಿ ತೆಗೆದು, ಉಕ್ಕಿನ ಹಲಗೆಯ ಮೇಲೆ ಉರುಳಿಸಿ, ಊದಿ, ಗಟ್ಟಿಯಾಗುತ್ತ ಬಂದಾಗ ಮತ್ತೆ ಕಾಯಿಸಿ, ಇಕ್ಕಳದಿಂದ ಕುತ್ತಿಗೆ ಹಿಸುಕುತ್ತಾರೆ. ಕೊನೆಗೆ ತಳಕ್ಕೆ ಇನ್ನೊಂದು ಸಲಾಕೆ ಅಂಟಿಸಿ ಊದುಕೊಳವೆಯಿಂದ ಬಿಡಿಸುತ್ತಾರೆ. ಇಡೀ ಹೊತ್ತು ಕೊಳವೆ ತಿರುಗುತ್ತಲೇ ಇರುವುದನ್ನು ಮಗನಿಗೆ ತೋರಿಸಿ. ಕ್ಷಣ ನಿಲ್ಲಿಸಿದರೂ ಗಾಜು ಒಂದು ಕಡೆಗೆ ಜೋತುಬೀಳುತ್ತದೆ. ಆಸನ ಸಿಗಬೇಕಾದರೆ ಹತ್ತು ನಿಮಿಷ ಮೊದಲೇ ಹೋಗಿ.

ಸಂಗ್ರಹ 3,500 ವರ್ಷಗಳದ್ದು. ಎಲ್ಲವನ್ನೂ ನೋಡಲು ಹೊರಟರೆ ಕೊನೆಗೆ ಏನೂ ನೆನಪಿರದು. ಮೊದಲ ದಿನ ವಿಜ್ಞಾನದ ವಿಭಾಗ ಮತ್ತು ಪ್ರದರ್ಶನಗಳು, ಎರಡನೇ ದಿನ ಈಜಿಪ್ಟ್, ರೋಮ್, ಇಸ್ಲಾಮಿ ಗಾಜು, ಆಮೇಲೆ 2015ರಲ್ಲಿ ತೆರೆದ ಸಮಕಾಲೀನ ಕಲೆಯ ಬಿಳಿ ಕಟ್ಟಡ. ಅಲ್ಲಿ ಬೆಳಕು ಚಾವಣಿಯಿಂದ ಇಳಿಯುತ್ತದೆ, ಬಿಸಿಲಿರುವ ಹೊತ್ತಿನಲ್ಲೇ ಹೋಗಬೇಕು. ಅಮ್ಮನವರಿಗೆ ಬಕಾರಾ ಕಂಪನಿಯ ಸ್ಫಟಿಕ ದೋಣಿ ತೋರಿಸಿ. ಮೇಜಿನ ಮೇಲೆ ಕೂರಿಸಿದ ಇಡೀ ದೋಣಿ, ಒಂದು ಕಾಲದಲ್ಲಿ ಬಿಕಾನೇರ್ ಮಹಾರಾಜರ ಬಳಿ ಇದ್ದದ್ದು.

ಶರಾವತಿ_ಎಡಿಸನ್

ಇಬ್ಬರಿಗೂ ತುಂಬಾ ಧನ್ಯವಾದ. ಉಳಿಯುವುದು ಗಟ್ಟಿಯಾಯಿತು. ಮಗ ಮಾಡುವ ಗಾಜಿನ ಬಗ್ಗೆ ಇನ್ನಷ್ಟು ಹೇಳ್ತೀರಾ? ಒಂಬತ್ತು ವರ್ಷಕ್ಕೆ ಬಿಡುತ್ತಾರಾ? ಎರಡನೇ ದಿನ ಬೆಳಿಗ್ಗೆಯೇ ವಾಟ್ಕಿನ್ಸ್ ಗ್ಲೆನ್‌ಗೆ ಹೊರಟರೆ ಅದನ್ನು ತೆಗೆದುಕೊಳ್ಳುವುದು ಯಾವಾಗ?

ಕುಲುಮೆ

ಇದು ಟಿಕೆಟ್‌ನಲ್ಲಿ ಸೇರಿಲ್ಲ, ಬೇರೆ ಹಣ. ಜೂನ್, ಜುಲೈಯಲ್ಲಿ ವಾರಾಂತ್ಯದ ಜಾಗಗಳು ಬೇಗ ತುಂಬುತ್ತವೆ, ದಿನ ನಿಗದಿಯಾದ ಕೂಡಲೇ ಆನ್‌ಲೈನಿನಲ್ಲಿ ಕಾಯ್ದಿರಿಸಿ. ಪ್ರತಿಯೊಂದು ಚಟುವಟಿಕೆಗೂ ಕನಿಷ್ಠ ವಯಸ್ಸು ಅಲ್ಲೇ ಬರೆದಿರುತ್ತದೆ. ಮಕ್ಕಳು ಊದುವಾಗ ಕುಲುಮೆಯಿಂದ ಗಾಜು ತೆಗೆಯುವುದು, ತಿರುಗಿಸುವುದು, ಬಿಡಿಸುವುದು ಎಲ್ಲ ಪಳಗಿದ ಕೆಲಸಗಾರರೇ ಮಾಡುತ್ತಾರೆ. ಹುಡುಗ ಬಣ್ಣ ಆರಿಸಿ, ಹೇಳಿದಾಗ ಊದಬೇಕು, ಅಷ್ಟೇ. ಜೋರಾಗಿ ಊದಿದರೆ ಗೋಡೆ ತೆಳುವಾಗಿ ಹಾಳಾಗುತ್ತದೆ, ಅವರು ‘ನಿಲ್ಲಿಸು’ ಎಂದಾಗ ನಿಲ್ಲಿಸುವುದೇ ಮುಖ್ಯ. ಎಲ್ಲ ಸೇರಿ ಅರ್ಧ ಗಂಟೆಯ ಒಳಗೆ ಮುಗಿಯುತ್ತದೆ.

ಬಟ್ಟೆ: ಮುಂಭಾಗ ಮುಚ್ಚಿದ ಶೂ, ಹತ್ತಿ ಬಟ್ಟೆ. ಜೋತಾಡುವ ದುಪಟ್ಟಾ, ಸೆರಗು, ಅಗಲ ತೋಳು ಬೇಡ. ಪಾಲಿಯೆಸ್ಟರ್ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ, ಅದನ್ನು ಹಾಕಿಸಲೇಬೇಡಿ.

ತೆಗೆದುಕೊಳ್ಳಲು ಮೂರು ದಾರಿ. ಒಂದು, ಮೊದಲ ದಿನ ಮಧ್ಯಾಹ್ನ ಮಾಡಿಸಿ ಮರುದಿನ ಪಡೆಯುವುದು. ಎರಡು, ಹಣ ಕೊಟ್ಟು ಮನೆಗೆ ಅಂಚೆಯಲ್ಲಿ ತರಿಸುವುದು. ಮೂರು, ಮರಳು ಚಿಮ್ಮಿಸಿ ಗಾಜಿನ ಲೋಟದ ಮೇಲೆ ಚಿತ್ರ ಕೊರೆಯುವ ಚಟುವಟಿಕೆ ಆರಿಸುವುದು. ಅದರಲ್ಲಿ ಕಾಯಿಸುವುದೇ ಇಲ್ಲ, ಹಾಗಾಗಿ ತಣಿಸಬೇಕಾಗಿಲ್ಲ, ಅಂದೇ ಕೈಗೆ ಸಿಗುತ್ತದೆ. ಬಣ್ಣದ ಗಾಜಿನ ತುಂಡು ಜೋಡಿಸುವ ಚಟುವಟಿಕೆ ಚಿಕ್ಕ ಮಕ್ಕಳಿಗೆ ಸುಲಭ, ಆದರೆ ಅದನ್ನು ಒಲೆಯಲ್ಲಿ ಬೆಸೆಯಬೇಕು, ಅದೂ ಮರುದಿನವೇ. ನಿಮ್ಮ ಯೋಜನೆಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ: ಬೆಳಿಗ್ಗೆ ಎಂಟಕ್ಕೆಲ್ಲ ವಾಟ್ಕಿನ್ಸ್ ಗ್ಲೆನ್, ಹನ್ನೊಂದರ ಹೊತ್ತಿಗೆ ಕಾರ್ನಿಂಗ್‌ಗೆ ಮರಳಿ ಗಾಜು ಪಡೆದು, ಉಳಿದ ವಿಭಾಗಗಳನ್ನು ನೋಡಿ, ಮೂರಕ್ಕೆ ನಯಾಗರಾ ಕಡೆಗೆ.

ಜಲಪಾತಪ್ರಿಯೆ

ವಾಟ್ಕಿನ್ಸ್ ಗ್ಲೆನ್ ಬಗ್ಗೆ ನಾನು ಹೇಳ್ತೀನಿ, ಯಾಕಂದ್ರೆ ಮಂಡಿನೋವಿನವರನ್ನು ಕರೆದುಕೊಂಡು ಹೋಗಿ ಅರ್ಧದಲ್ಲಿ ಕೂರಿಸುವವರೇ ಅಲ್ಲಿ ಹೆಚ್ಚು.

ಕಾರ್ನಿಂಗ್‌ನಿಂದ ರಾಜ್ಯ ಹೆದ್ದಾರಿ 414 ಹಿಡಿದರೆ ಸುಮಾರು 20 ಮೈಲಿ, ಅರ್ಧ ಗಂಟೆಗೆ ಸ್ವಲ್ಪ ಮೇಲೆ. ಕಮರಿಯ ದಾರಿ ಒಂದೂವರೆ ಮೈಲಿ, 19 ಜಲಪಾತ, ಒಟ್ಟು 832 ಮೆಟ್ಟಿಲು. ಕೆಳಗಿನ ಮುಖ್ಯ ದ್ವಾರದಿಂದ ಹೊರಟರೆ ಎಲ್ಲವೂ ಏರು. ಬೇಸಿಗೆಯಲ್ಲಿ ಮೇಲಿನ ದ್ವಾರಕ್ಕೆ ಬಿಡುವ ವಾಹನ ಇರುತ್ತದೆ, ಅದರಲ್ಲಿ ಹೋಗಿ ಇಳಿದು ಬರಬಹುದು. ಆದರೆ ಮೇಲಿನಿಂದ ಹೊರಟವರಿಗೆ ಮೊದಲಿಗೇ ಜೇಕಬ್ಸ್ ಲ್ಯಾಡರ್ ಎಂಬ 180 ಮೆಟ್ಟಿಲು ಸಿಗುತ್ತದೆ. ಉಸಿರಿನ ತೊಂದರೆ ಇರುವವರಿಗೆ ಇಳಿಯುವುದು ಹಿತ. ಮಂಡಿ ಸವೆದವರಿಗೆ ಇಳಿಯುವುದೇ ಹೆಚ್ಚು ನೋವು. ಅಮ್ಮನವರಿಗೆ ‘ಇಳಿಯುವುದಷ್ಟೇ, ಸುಲಭ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ನೀವೂ ಅಪ್ಪನೂ ಮಗನೂ ಕೆಳಗಿನಿಂದ ಹತ್ತಿ. ಮೊದಲ ಇಪ್ಪತ್ತು ನಿಮಿಷದಲ್ಲೇ ಕ್ಯಾವರ್ನ್ ಕ್ಯಾಸ್ಕೇಡ್ ಸಿಗುತ್ತದೆ, ನೀರಿನ ಪರದೆಯ ಹಿಂದೆ ದಾರಿ ಹಾದುಹೋಗುತ್ತದೆ. ಫೋಟೋಗಳಲ್ಲಿ ಕಾಣುವ ಕಮಾನು ಸೇತುವೆ, ರೇನ್‌ಬೋ ಫಾಲ್ಸ್ ಇನ್ನೂ ಮೇಲೆ. ಅಲ್ಲಿಂದ ಸ್ವಲ್ಪ ಮುಂದೆ ಹೋಗಿ ಮರಳಿದರೆ ನೋಡಬೇಕಾದ್ದೆಲ್ಲ ನೋಡಿದ ಹಾಗೆ, ಜೇಕಬ್ಸ್ ಲ್ಯಾಡರ್ ಹತ್ತಲೇಬೇಕೆಂದಿಲ್ಲ. ಕಲ್ಲು ಸದಾ ಒದ್ದೆ. ಸವೆದ ಅಟ್ಟೆಯ ಚಪ್ಪಲಿ ಅಪಾಯ, ಹಿಡಿತ ಇರುವ ಶೂ ಬೇಕು. ಕಮರಿಯ ದಾರಿ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಜೋರು ಮಳೆ ಬಂದರೆ ಬೇಸಿಗೆಯಲ್ಲೂ ಮುಚ್ಚುತ್ತಾರೆ. ಹಿಂದಿನ ರಾತ್ರಿ ಮಳೆಯಾಗಿದ್ದರೆ ಪಾರ್ಕಿನ ಪುಟ ನೋಡಿಯೇ ಹೊರಡಿ. ವಾಹನ ನಿಲುಗಡೆಗೆ ಹಣ ಇದೆ. ಬೇಸಿಗೆ ವಾರಾಂತ್ಯದಲ್ಲಿ ಹತ್ತು ಗಂಟೆ ದಾಟಿದರೆ ಮುಖ್ಯ ದ್ವಾರದ ಬಳಿ ಜಾಗ ಸಿಗುವುದು ಕಷ್ಟ, ಕುಲುಮೆಯವರು ಎಂಟು ಅಂದದ್ದು ಸರಿ.

ಅಮ್ಮನವರಿಗೆ ಬೇರೆ ಜಲಪಾತ ಇದೆ. ವಾಟ್ಕಿನ್ಸ್ ಗ್ಲೆನ್‌ನ ದಕ್ಷಿಣಕ್ಕೆ ಮೂರು ಮೈಲಿಯಲ್ಲಿ ಮಾಂಟೂರ್ ಫಾಲ್ಸ್ ಎಂಬ ಹಳ್ಳಿ. ಅಲ್ಲಿಯ ಮುಖ್ಯ ಬೀದಿಯ ತುದಿಯಲ್ಲೇ 156 ಅಡಿಯ ಶೆಕ್ವಾಗಾ ಜಲಪಾತ ಮನೆಗಳ ನಡುವೆ ಧುಮುಕುತ್ತದೆ. ಒಂದೂ ಮೆಟ್ಟಿಲಿಲ್ಲ, ಕಾರಿನಿಂದ ಇಳಿಯದಿದ್ದರೂ ಕಾಣುತ್ತದೆ. ಇಷ್ಟು ಚೆಂದದ ಜಾಗವನ್ನು ಬಸ್‌ನವರು ಬಿಟ್ಟು ಹೋಗುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ಉಳಿದವರು ಕಮರಿಯಲ್ಲಿರುವಾಗ ಅಮ್ಮನವರ ಜೊತೆ ಒಬ್ಬರು ಸೆನೆಕಾ ಸರೋವರದ ದಂಡೆಯಲ್ಲಿ ಕೂರಬಹುದು. ದಾರಿ ಸಮತಟ್ಟು, ಬೆಂಚುಗಳಿವೆ. 618 ಅಡಿ ಆಳದ ಸರೋವರ ಅದು, ಈ ಭಾಗದ ಫಿಂಗರ್ ಲೇಕ್ಸ್ ಎಂಬ ಸರೋವರಗಳಲ್ಲೆಲ್ಲ ಅತಿ ಆಳದ್ದು.

ದಾರಿಹೋಕ

ಊರಿನ ಬೀದಿಯನ್ನು ಯಾರೂ ಹೇಳಲಿಲ್ಲವಲ್ಲ. ಮ್ಯೂಸಿಯಂ ನದಿಯ ಉತ್ತರಕ್ಕೆ, ಹಳೆಯ ಪೇಟೆಯಾದ ಮಾರ್ಕೆಟ್ ಸ್ಟ್ರೀಟ್ ದಕ್ಷಿಣಕ್ಕೆ. ನಡುವೆ ಸೆಂಟರ್‌ವೇ ಸೇತುವೆ, ಈಗ ಕಾಲ್ನಡೆಯವರಿಗೆ ಮಾತ್ರ. ಸಂಜೆ ಆರರ ಮೇಲೆ ಆ ಸೇತುವೆಯ ಮೇಲಿಂದ ನಿಧಾನವಾಗಿ ದಾಟಿ. ಅಮ್ಮನವರಿಗೆ ದೂರವೆನಿಸಿದರೆ ಕಾರು ತೆಗೆದುಕೊಂಡು ಹೋಗಿ.

ಮಾರ್ಕೆಟ್ ಸ್ಟ್ರೀಟ್‌ನ ಇಟ್ಟಿಗೆ ಮುಖಗಳು, ಸುಟ್ಟ ಮಣ್ಣಿನ ಅಲಂಕಾರಗಳು ಅಷ್ಟು ಅಚ್ಚುಕಟ್ಟಾಗಿ ಉಳಿದಿರುವುದು ತಾನಾಗಿ ಆದದ್ದಲ್ಲ. 1972ರ ಜೂನ್ 23ರ ನಸುಕಿನಲ್ಲಿ, ಆಗ್ನೆಸ್ ಚಂಡಮಾರುತದ ಮಳೆಗೆ ಶೆಮಂಗ್ ನದಿ ಒಡ್ಡು ದಾಟಿ ಇಡೀ ಪೇಟೆಗೆ ನುಗ್ಗಿತು. ಜೀವಗಳು ಹೋದವು. ಗಾಜಿನ ಮ್ಯೂಸಿಯಂನಲ್ಲಿ ನೀರು ಐದು ಅಡಿ ದಾಟಿ ನಿಂತಿತು. ನೂರಾರು ವಸ್ತುಗಳು ಒಡೆದವು, ಗ್ರಂಥಾಲಯದ ಪುಸ್ತಕಗಳು ನೆನೆದವು. ನೆಂದ ಪುಸ್ತಕವನ್ನು ಹಾಗೇ ಇಟ್ಟರೆ ಒಂದೆರಡು ದಿನದಲ್ಲಿ ಬೂಸಲು, ಹೊಳಪು ಕಾಗದದ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಾಗುತ್ತವೆ. ಅದಕ್ಕೆ ಅವನ್ನು ಹೆಪ್ಪುಗಟ್ಟಿಸಿ ಇಟ್ಟು, ಆಮೇಲೆ ಸ್ವಲ್ಪಸ್ವಲ್ಪವಾಗಿ ಒಣಗಿಸಿದರು. ಆಗಸ್ಟ್ 1ಕ್ಕೆ ಮ್ಯೂಸಿಯಂ ಮತ್ತೆ ಬಾಗಿಲು ತೆರೆಯಿತು. 1980ರ ಹೊಸ ಕಟ್ಟಡವನ್ನು ಪ್ರವಾಹದ ಮಟ್ಟಕ್ಕಿಂತ ಮೇಲೆ, ಕಾಂಕ್ರೀಟ್ ಕಂಬಗಳ ಮೇಲೆ ಎತ್ತಿ ಕಟ್ಟಿದ್ದು ಈ ಅನುಭವದಿಂದಲೇ. ಅಪ್ಪನವರು ಹೊರಗಿನಿಂದ ಆ ಕಂಬಗಳನ್ನು ನೋಡಬೇಕು.

ಪೇಟೆಯನ್ನು ಕೆಡವಿ ಹೊಸದಾಗಿ ಕಟ್ಟುವ ಆಲೋಚನೆಗಳೇ ಆಗ ಹಲವು ಊರುಗಳಲ್ಲಿ ನಡೆಯುತ್ತಿದ್ದವು. ಇಲ್ಲಿ 1974ರಲ್ಲಿ ಮಾರ್ಕೆಟ್ ಸ್ಟ್ರೀಟ್ ಪುನರುಜ್ಜೀವನಕ್ಕೆಂದೇ ಒಂದು ಸಂಸ್ಥೆ ಕಟ್ಟಿ, ಅಂಗಡಿಯವರಿಗೆ ಹಳೆಯ ಮುಖ ಉಳಿಸಿಕೊಳ್ಳುವ ವಿನ್ಯಾಸ ಸಲಹೆ ಕೊಟ್ಟರು. ಬೀದಿಯಲ್ಲಿ ನಡೆಯುವಾಗ ಅಂಗಡಿಯ ಗಾಜಿಗಿಂತ ಮೇಲಿನ ಎರಡನೇ, ಮೂರನೇ ಮಹಡಿಯ ಕಿಟಕಿಗಳ ಕಡೆ ಕಣ್ಣಿಡಿ, ಒಳ್ಳೆಯ ಕೆಲಸ ಅಲ್ಲಿದೆ.

ಪೇಟೆಯ ಬಳಿಯೇ 187 ಅಡಿಯ ಬಿಳಿ ಗೋಪುರ ಕಾಣುತ್ತದೆ, ಗಾಜು ಊದುವವನ ಚಿತ್ರ ಬರೆದಿದ್ದಾರೆ. ಹೆಸರು ಲಿಟಲ್ ಜೋ. 1912ರದ್ದು. ಥರ್ಮಾಮೀಟರ್ ಕೊಳವೆಯನ್ನು ಅಡ್ಡಲಾಗಿ ಎಳೆದರೆ ಭಾರಕ್ಕೆ ಜೋತು ಒಳಗಿನ ರಂಧ್ರ ಏರುಪೇರಾಗುತ್ತದೆ, ರಂಧ್ರ ಏರುಪೇರಾದರೆ ಪಾದರಸದ ಅಳತೆ ಸುಳ್ಳಾಗುತ್ತದೆ. ಅದಕ್ಕೆ ಗೋಪುರದೊಳಗೆ ನೆಟ್ಟಗೆ ಮೇಲಕ್ಕೆ ಎಳೆಯುತ್ತಿದ್ದರು. ಒಳಗೆ ಬಿಡುವುದಿಲ್ಲ, ಹೊರಗಿನಿಂದಲೇ ನೋಡುವುದು.

ರಾಕ್‌ವೆಲ್ ಮ್ಯೂಸಿಯಂ ಬಗ್ಗೆ ಒಂದು ಎಚ್ಚರಿಕೆ. ಪ್ರಸಿದ್ಧ ಚಿತ್ರಕಾರ ನಾರ್ಮನ್ ರಾಕ್‌ವೆಲ್‌ಗೂ ಇದಕ್ಕೂ ಸಂಬಂಧವಿಲ್ಲ. ಊರಿನ ಅಂಗಡಿಯ ಮಾಲೀಕರೊಬ್ಬರ ಸಂಗ್ರಹದಿಂದ ಬೆಳೆದದ್ದು, 1893ರ ಹಳೆಯ ಸಿಟಿ ಹಾಲ್ ಕಟ್ಟಡದಲ್ಲಿದೆ. ಸಮಯ ಕಡಿಮೆ ಇದ್ದರೆ ಬಿಡಬಹುದು ಅನ್ನಿಸುತ್ತದೆ.

ಹಳೇಭೂಪಟ

ದಾರಿಹೋಕರೇ, ರಾಕ್‌ವೆಲ್ ಬಿಡುವುದನ್ನು ನಾನು ಒಪ್ಪಲಾರೆ. ಗಾಜಿನ ಮ್ಯೂಸಿಯಂನಲ್ಲಿ ನಾಲ್ಕು ಗಂಟೆ ಅಲೆದ ಮೇಲೆ ಚಿಕ್ಕ, ತಂಪಾದ ಕಟ್ಟಡದಲ್ಲಿ ಒಂದೂವರೆ ಗಂಟೆ ಕುಳಿತು ನೋಡುವುದು ವಯಸ್ಸಾದವರಿಗೆ ಹಿತವಾಗುತ್ತದೆ. ಅಮೆರಿಕದ ಪಶ್ಚಿಮದ ಚಿತ್ರಗಳು, ಮೂಲನಿವಾಸಿಗಳ ಕಲೆ ಚೆನ್ನಾಗಿ ಇಟ್ಟಿದ್ದಾರೆ. ಈ ಕಣಿವೆ ಹೋಡೆನೊಶೋನಿ ಒಕ್ಕೂಟದ ಸೆನೆಕಾ ಜನರದ್ದಾಗಿತ್ತು. 1779ರಲ್ಲಿ ಅಮೆರಿಕದ ಸೇನಾಪತಿ ಸುಲಿವನ್‌ನ ಸೈನ್ಯ ಎಲ್ಮೈರಾ ಹತ್ತಿರ ಅವರನ್ನು ಸೋಲಿಸಿ ಊರು, ಬೆಳೆ ಸುಟ್ಟ ಮೇಲೆ ಇಲ್ಲಿ ಬಿಳಿಯರ ವಸಾಹತು ಆರಂಭವಾಯಿತು. ಆ ಜನರ ಕಲೆಯನ್ನು ಬಿಟ್ಟು ಗಾಜನ್ನಷ್ಟೇ ನೋಡಿದರೆ ಊರಿನ ಚರಿತ್ರೆ ನೂರೈವತ್ತು ವರ್ಷಕ್ಕೇ ನಿಂತುಬಿಡುತ್ತದೆ. ಗೋಡೆ ಒಡೆದು ಹೊರಬರುತ್ತಿರುವಂತೆ ಕಾಣುವ ಕಾಡೆಮ್ಮೆಯ ಶಿಲ್ಪ ಆ ಕಟ್ಟಡದ ಹೊರಗೋಡೆಯಲ್ಲಿದೆ, ಮಗನಿಗೆ ಅದೊಂದೇ ಸಾಕು.

ತಂದೆಯವರಿಗೆ ಇನ್ನೊಂದು: ವಿಜ್ಞಾನ ವಿಭಾಗದಲ್ಲಿ ಆಪ್ಟಿಕಲ್ ಫೈಬರ್ ಭಾಗವನ್ನು ನಿಧಾನವಾಗಿ ನೋಡಲಿ. 1970ರಲ್ಲಿ ಹೋಟನ್ ಕಟ್ಟಿದ ಆ ಗಾಜಿನ ಕಂಪನಿಯ ರಾಬರ್ಟ್ ಮೌರರ್, ಡೊನಾಲ್ಡ್ ಕೆಕ್, ಪೀಟರ್ ಶುಲ್ಟ್ಸ್ ಎಂಬ ಮೂವರು ಬೆಳಕಿನ ನಷ್ಟವನ್ನು ಕಿಲೋಮೀಟರಿಗೆ 20 ಡೆಸಿಬೆಲ್‌ಗಿಂತ ಕೆಳಗಿಳಿಸಿದರು. 20 ಡೆಸಿಬೆಲ್ ಅಂದರೆ ಒಂದು ಕಿಲೋಮೀಟರ್ ದಾಟಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿಯುವುದು. ಕಡಿಮೆಯೆನಿಸಬಹುದು, ಆದರೆ ದೂರವಾಣಿ ಜಾಲಕ್ಕೆ ಗಾಜಿನ ಎಳೆ ಉಪಯೋಗಕ್ಕೆ ಬರಬೇಕಾದರೆ ದಾಟಲೇಬೇಕಾದ ಗಡಿ ಅದೇ ಆಗಿತ್ತು.

ದಾರಿಹೋಕ

ಒಪ್ಪಿದೆ, ಅಮ್ಮನವರ ಕಾಲಿನ ಲೆಕ್ಕದಲ್ಲಿ ನಿಮ್ಮ ಮಾತೇ ಸರಿ. ಹಾಗಿದ್ದರೆ ಎರಡನೇ ದಿನ ಮೂರು ಗಂಟೆಗೆ ಹೊರಡುವುದನ್ನು ನಾಲ್ಕಕ್ಕೆ ತಳ್ಳಬೇಕಾಗುತ್ತದೆ.

ರಸ್ತೆ ಹೇಳಿ ಮುಗಿಸುತ್ತೇನೆ. ಎಡಿಸನ್‌ನಿಂದ ಅಂತರರಾಜ್ಯ 80 ಪಶ್ಚಿಮಕ್ಕೆ, 380, ಆಮೇಲೆ 81 ಉತ್ತರಕ್ಕೆ, ಬಿಂಗ್‌ಹ್ಯಾಮ್‌ಟನ್‌ನಲ್ಲಿ 17/86 ಪಶ್ಚಿಮಕ್ಕೆ. ಊಟ, ಶೌಚದ ನಿಲುಗಡೆ ಸೇರಿ ಐದು ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ ಏಳಕ್ಕೆ ಬಿಟ್ಟರೆ ಹನ್ನೆರಡಕ್ಕೆ ಮ್ಯೂಸಿಯಂ. ಮಗನ ಗಾಜಿನ ಸಮಯವನ್ನು ಎರಡೂವರೆಗೆ ಮುಂಚೆ ಇಡಬೇಡಿ, ದಾರಿಯಲ್ಲಿ ತಡವಾದರೆ ತಪ್ಪಿಹೋಗುತ್ತದೆ. ಕಾರ್ನಿಂಗ್‌ನಿಂದ ಮುಂದೆ 86 ಪಶ್ಚಿಮ, 390 ಉತ್ತರ, 90 ಪಶ್ಚಿಮ, ಬಫಲೋ ಬಳಿ 290 ಹಿಡಿದು 190 ಉತ್ತರ. ಸುಮಾರು ಮೂರು ಗಂಟೆ. 90ರಲ್ಲಿ ಟೋಲ್ ಇದೆ, ಕಾರಿನಲ್ಲಿ ಈಜಿಪಾಸ್ (ಟೋಲ್ ತಾನಾಗಿ ಕಟ್ಟುವ ಸಾಧನ) ಇರಲಿ. ಕತ್ತಲಾದ ಮೇಲೆ 86 ಮತ್ತು 390ರಲ್ಲಿ ಜಿಂಕೆಗಳು ಅಡ್ಡ ಬರುತ್ತವೆ. ಒಂದು ದಾಟಿತೆಂದು ವೇಗ ಹೆಚ್ಚಿಸಬೇಡಿ, ಹಿಂದೆಯೇ ಎರಡನೆಯದು ಇರುತ್ತದೆ. ಜೂನ್ ಕೊನೆಯಲ್ಲಿ ಒಂಬತ್ತರವರೆಗೂ ಬೆಳಕಿರುತ್ತದೆ, ನಾಲ್ಕಕ್ಕೆ ಹೊರಟರೂ ಬೆಳಕಲ್ಲೇ ತಲುಪುತ್ತೀರಿ.

ಮಾರ್ಕೆಟ್ ಸ್ಟ್ರೀಟ್‌ನ ಅಡುಗೆಮನೆಗಳು ರಾತ್ರಿ ಬೇಗ ಮುಚ್ಚುತ್ತವೆ, ವಾರದ ದಿನಗಳಲ್ಲಿ ಇನ್ನೂ ಬೇಗ. ಎಂಟರೊಳಗೆ ಊಟಕ್ಕೆ ಕೂರಿ. ಸಸ್ಯಾಹಾರ ಬೇಕಾದರೆ ಸೂಪಿನಲ್ಲಿ ಮಾಂಸದ ಸಾರು ಇದೆಯೇ, ಬೀನ್ಸ್ ಬೇಯಿಸಲು ಹಂದಿಕೊಬ್ಬು ಹಾಕಿದ್ದಾರೆಯೇ ಎಂದು ಬಿಡಿಸಿ ಕೇಳಿ. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮೇಲೆ ಕಾಣುವ ಮಾಂಸವನ್ನು ಮಾತ್ರ ತೆಗೆದು ಕೊಡುವವರಿದ್ದಾರೆ.

ಶರಾವತಿ_ಎಡಿಸನ್

ಎಲ್ಲರಿಗೂ ಅನಂತ ಧನ್ಯವಾದ. ಗುರುವಾರ ಹೊರಟು ಗುರುವಾರ ರಾತ್ರಿ ಕಾರ್ನಿಂಗ್, ಶುಕ್ರವಾರ ಬೆಳಿಗ್ಗೆ ವಾಟ್ಕಿನ್ಸ್ ಗ್ಲೆನ್ ಅಂತ ಮಾಡಿಕೊಂಡೆವು, ವಾರಾಂತ್ಯದ ಜನಸಂದಣಿ ತಪ್ಪುತ್ತದೆ. ಅಮ್ಮ ಮಾಂಟೂರ್ ಫಾಲ್ಸ್‌ಗೆ, ಅಪ್ಪ 200 ಇಂಚಿನ ಗಾಜಿಗೆ. ಗುರುವಾರ ಮೂರು ಗಂಟೆಗೆ ಮಗನಿಗೆ ಗಾಜು ಊದುವ ಜಾಗ ಕಾಯ್ದಿರಿಸಿದೆ. ಒಡೆಯದಂತೆ ಮನೆಗೆ ತರಲು ಏನು ಮಾಡಬೇಕು?

ಕುಲುಮೆ

ಅವರೇ ಕಾಗದ ಸುತ್ತಿ ಪೆಟ್ಟಿಗೆಯಲ್ಲಿ ಕೊಡುತ್ತಾರೆ. ಅದನ್ನು ಬಿಚ್ಚದೆ, ಟವೆಲ್ ಸುತ್ತಿ ಹಿಂದಿನ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ ಇಡಿ. ಡಿಕ್ಕಿಯಲ್ಲಿ ಸೂಟ್‌ಕೇಸ್‌ಗಳ ನಡುವೆ ಬೇಡ. ನಿಲ್ಲಿಸಿದ ಕಾರು ಬಿಸಿಲಿಗೆ ಕಾದರೂ ಚೆನ್ನಾಗಿ ತಣಿಸಿದ ಗಾಜಿಗೆ ಏನೂ ಆಗುವುದಿಲ್ಲ, ಆದರೆ ಕಾದ ಗಾಜಿನ ಮೇಲೆ ತಣ್ಣೀರು ಹಾಕಿ ತೊಳೆಯಬೇಡಿ. ಅಡುಗೆಮನೆಯ ಬೋರೋಸಿಲಿಕೇಟ್ ಪಾತ್ರೆ ಅದನ್ನು ಎಷ್ಟೋ ಮಟ್ಟಿಗೆ ತಡೆಯುತ್ತದೆ, ಕಾವಿಗೆ ಅದು ಹಿಗ್ಗುವುದು ಸಾಮಾನ್ಯ ಗಾಜಿನ ಮೂರನೇ ಒಂದರಷ್ಟು ಮಾತ್ರ. ಊದಿ ಮಾಡುವುದು ಸಾಮಾನ್ಯ ಮೃದು ಗಾಜು, ತಡೆಯದು. ಪಾತ್ರೆ ತೊಳೆಯುವ ಯಂತ್ರಕ್ಕೂ ಹಾಕಬೇಡಿ, ಉಗುರುಬೆಚ್ಚಗಿನ ನೀರಿನಲ್ಲಿ ಕೈಯಲ್ಲೇ ತೊಳೆಯಿರಿ.